ನೀಲಿ ಕಾಗದದ ದಪ್ಪ

ಕೆಟ್ಟ ಕೆಲಸ ಮಾಡುವುದು ಇಷ್ಟು ಕಷ್ಟವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಮೂವತ್ತು ವರ್ಷ ಹಲ್ಲು ಕಟ್ಟಿದ ಕೈ ಅದು. ಮೇಣದ ಮೇಲೆ ಕೂದಲೆಳೆಯಷ್ಟು ಏರು ಉಳಿದರೂ ಬೆರಳು ತಾನಾಗಿ ಅಲ್ಲಿಗೇ ಹೋಗಿ ಕೆರೆದು ಸಮ ಮಾಡಿಬಿಡುತ್ತಿತ್ತು. ಅಂಥ ಕೈಯನ್ನು ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು, ಬಾಗಿಲಿಗೆ ಅಗುಳಿ ಹಾಕಿ, ಒಂದೇ ಒಂದು ತಪ್ಪು ಮಾಡಪ್ಪ ಎಂದು ಪುಸಲಾಯಿಸಬೇಕಾಗಿತ್ತು. ಗೋಡೆಯ ಹಲಗೆಯ ಮೇಲೆ ಅರ್ಧ ಕೆಲಸವಾದ ಹಲ್ಲಿನ ಸೆಟ್ಟುಗಳು ಬಾಯಿ ತೆರೆದುಕೊಂಡು ಅವನನ್ನೇ ನೋಡಿ ನಗುತ್ತಿದ್ದವು. ಮೇಜಿನ ಮೇಲೆ ಏರ್‌ಗನ್ನಿನ ಪೆಲೆಟ್ಟುಗಳ ಡಬ್ಬಿ. ಒಂದೊಂದು ಪೆಲೆಟ್ಟೂ ಬಟಾಣಿಗಿಂತ ಚಿಕ್ಕದು, ಮೆತ್ತನೆಯ ಸೀಸದ್ದು. ನಡುವೆ ಸಣ್ಣ ಸೊಂಟ, ಕೆಳಗೆ ಅಗಲವಾದ ಲಂಗ. ಎಣ್ಣೆ ಸವರಿದ ಉಕ್ಕಿನ ಅಚ್ಚಿನೊಳಗೆ ಅದನ್ನು ಬಿಟ್ಟು ಪ್ರೆಸ್ಸಿನ ಹಿಡಿಕೆ ಎಳೆದರೆ ಸೊಂಟವೂ ಹೋಗಿ, ಲಂಗವೂ ಹೋಗಿ, ಮೂತಿ ಮೊನಚಾದ ಒಂದು ಗಿಡ್ಡ ಉರುಳೆ ಹೊರಗೆ ಬರುತ್ತಿತ್ತು. ಅದಕ್ಕೆ ಸ್ಲಗ್ ಎನ್ನುತ್ತಾರೆ. ಐವತ್ತು ಮೀಟರ್ ದೂರಕ್ಕೆ ಪೆಲೆಟ್ಟು ಗಾಳಿ ಎಳೆದತ್ತ ಹೋಗುತ್ತದೆ, ಸ್ಲಗ್ಗು ಹೇಳಿದ ಮಾತು ಕೇಳುತ್ತದೆ. ಅಂಗಡಿಯ ಸ್ಲಗ್ಗುಗಳು ಅಕ್ಕನ ಹಳೆಯ ಬಂದೂಕಿನ ನಳಿಗೆಗೆ ಒಗ್ಗುವುದಿಲ್ಲವೆಂದು ಅವನೇ ಅಚ್ಚು ಮಾಡಿಸಿ, ಎರಡು ವರ್ಷದಿಂದ ಮನೆಯಲ್ಲೇ ಒತ್ತಿ ಕೊಡುತ್ತಿದ್ದ. ಹೆಂಡತಿ ಮೊದಲ ಸಲ ನೋಡಿದಾಗ, "ಪಾಪ, ಸೊಂಟ ಇದ್ದೋರನ್ನೆಲ್ಲ ಹಿಡಿದು ನನ್ನ ಥರ ಮಾಡ್ತಿದ್ದೀರಲ್ಲ ರೀ" ಎಂದಿದ್ದಳು.

ಹಿಡಿಕೆ ಎಳೆಯುವ ಮುಂಚೆ ಅವನು ಚಿಮುಟದಿಂದ ನೀಲಿ ಕಾಗದದ ಒಂದು ಚೂರನ್ನು ಎತ್ತಿ ಅಚ್ಚಿನ ತಳದಲ್ಲಿ, ಒಂದು ಪಕ್ಕಕ್ಕೆ ಮಾತ್ರ, ಇಟ್ಟ. ಮೇಲಿನ ಸೆಟ್ಟು ಕೆಳಗಿನ ಸೆಟ್ಟಿಗೆ ಎಲ್ಲಿ ಮೊದಲು ತಾಗುತ್ತದೆ ಎಂದು ನೋಡುವುದಕ್ಕೆ ನಡುವೆ ಇಟ್ಟು ಕಚ್ಚಿಸುವ ಕಾಗದ ಅದು. ತಲೆಗೂದಲಿನ ಅರ್ಧದಷ್ಟು ದಪ್ಪ. ಅಷ್ಟರಿಂದಲೇ ಸ್ಲಗ್ಗಿನ ತಳ ತುಸು ಓರೆಯಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ, ಆದರೆ ನಳಿಗೆ ಬಿಟ್ಟ ಮೇಲೆ ಮೊಳೆ ಸವೆದ ಬುಗುರಿಯ ಹಾಗೆ ತೊನೆಯುತ್ತ ಹೋಗಿ ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ಬಡಿಯುತ್ತದೆ. ಬೇರೆ ತಪ್ಪುಗಳನ್ನೂ ಅವನು ಮಾಡಿ ನೋಡಿದ್ದ. ಅರ್ಧಕ್ಕೆ ಒತ್ತಿ ಬಿಡೋಣವೆಂದರೆ ಕೈ ಒಪ್ಪಲಿಲ್ಲ, ಸರಿಯಾಗುವ ತನಕ ಎಳೆದೇ ಎಳೆಯಿತು. ಕಾಗದ ಇಟ್ಟರೆ ತಪ್ಪೆಲ್ಲ ಕಾಗದದ ಪಾಲಿಗೆ, ಕೈ ತನ್ನ ಪಾಡಿಗೆ ತಾನು ಮರ್ಯಾದೆಯಿಂದ ಕೆಲಸ ಮಾಡಿಕೊಂಡಿರಬಹುದು. ಒತ್ತಿ ತೆಗೆದದ್ದರ ತಳದ ನೀಲಿಯನ್ನು ಬಟ್ಟೆಯಿಂದ ಒರೆಸಿ ಅಕ್ಕನ ಡಬ್ಬಿಗೆ ಹಾಕಿದ. ಇದನ್ನು ಶುರುಮಾಡಿ ಐದು ತಿಂಗಳಾಗಿತ್ತು.

ಐದು ತಿಂಗಳ ಹಿಂದಿನ ಆ ಭಾನುವಾರ ಅಕ್ಕ ಹೊಡೆದ ಐದು ಗುಂಡುಗಳು ಮೊದಲ ಸಲ ಚೆದುರಿದ್ದವು. ಮೂವತ್ತು ಮಿಲಿಮೀಟರಿನೊಳಗೆ ಐದನ್ನೂ ಕೂರಿಸುತ್ತಿದ್ದವಳು ಅಕ್ಕ. ಬೇರಿಂಗ್ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಸಾವಿರಾರು ಉಕ್ಕಿನ ಗುಂಡುಗಳನ್ನು ಅಳೆದು, ಸರಿಯಿಲ್ಲದ್ದನ್ನು ಮುಲಾಜಿಲ್ಲದೆ ಕೆಂಪು ಡಬ್ಬಕ್ಕೆ ಎಸೆದು ನಿವೃತ್ತಳಾದವಳು. ಅಲ್ಲಿಯ ದೊಡ್ಡ ಸಾಹೇಬರೂ ಅವಳನ್ನು 'ಅಳತೆ ಅಮ್ಮ' ಎನ್ನುತ್ತಿದ್ದರಂತೆ, ಹಿಂದಿನಿಂದ. ಆ ದಿನ ಅವಳು ದುರ್ಬೀನಿನಲ್ಲಿ ಕಾಗದದ ಗುರಿಯನ್ನು ಬಹಳ ಹೊತ್ತು ನೋಡಿ, ಆಮೇಲೆ ಅವನ ಕಡೆ ತಿರುಗಿ, "ನಿನ್ನ ಸೀಸ ಸರಿಯಿಲ್ಲ ಕಣೋ" ಎಂದಳು. ಅವನು ನೋಡಿಬಿಟ್ಟಿದ್ದ. ಅವಳು ಉಸಿರು ಹಿಡಿದಾಗ ನಳಿಗೆಯ ತುದಿ ಸಣ್ಣಗೆ, ಜ್ವರ ಬಂದವರ ತುಟಿಯ ಹಾಗೆ, ನಡುಗಿತ್ತು. ಆದರೂ ಗುರುವಾರ ಮಧ್ಯಾಹ್ನ ಯಾರಿಗೂ ಹೇಳದೆ ಒಬ್ಬನೇ ಗುರಿಮೈದಾನಕ್ಕೆ ಹೋಗಿ ಅಕ್ಕ ಅಲ್ಲೇ ಇಟ್ಟುಬರುತ್ತಿದ್ದ ಬಂದೂಕಿನಿಂದ ಅದೇ ಡಬ್ಬಿಯ ಸ್ಲಗ್ಗುಗಳನ್ನು ಹೊಡೆದು ನೋಡಿದ. ಐದೂ ಒಂದೇ ತೂತಿನಲ್ಲಿ ಹೋಗಿದ್ದವು. ಜೀವನದಲ್ಲಿ ಅಷ್ಟು ಚೆನ್ನಾಗಿ ಅವನು ಎಂದೂ ಹೊಡೆದಿರಲಿಲ್ಲ. ಕುಣಿಯಬೇಕಾದವನು ಕಳ್ಳನ ಹಾಗೆ ಆ ಕಾಗದವನ್ನು ಮಡಚಿ ಪ್ಲಾಸ್ಟರ್ ಪುಡಿಯ ಚೀಲದಡಿ ಹುಗಿದುಬಿಟ್ಟ. ಏಕೆಂದರೆ ಅಕ್ಕ ಯಾವಾಗಲೋ ಹೇಳಿದ್ದಳು, ಕೈ ಕೆಟ್ಟ ದಿನ ಬಂದೂಕು ಅಟ್ಟಕ್ಕೆ ಎಂದು. ಅವಳು ಹೇಳಿದರೆ ಮುಗಿಯಿತು. ಬಂದೂಕು ಅಟ್ಟ ಹತ್ತಿದರೆ ಭಾನುವಾರದ ಮಧ್ಯಾಹ್ನಗಳೂ ಅಟ್ಟ ಹತ್ತುತ್ತವೆ. ಫ್ಲಾಸ್ಕಿನ ಟೀ, ಅವಳ ಬೈಗುಳ, ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಈ ವಯಸ್ಸಿನಲ್ಲೂ ನಡೆಯುವ ಜಗಳ, ಎಲ್ಲವೂ. ಐವತ್ತಾರು ವರ್ಷದ ಗಂಡಸು ಅಕ್ಕನಿಗಾಗಿ ಹಂಬಲಿಸುತ್ತಾನೆಂದು ಯಾರಿಗೆ ಹೇಳಿಕೊಳ್ಳುವುದು? ಸೀಸ ಸರಿಯಿಲ್ಲ ಎಂದು ಅವಳೇ ಅಂದಿದ್ದಾಳೆ, ಹಾಗಾದರೆ ಸೀಸವೇ ಸರಿಯಿಲ್ಲದಿರಲಿ ಎಂದುಕೊಂಡು ಮರುದಿನವೇ ನೀಲಿ ಕಾಗದ ಕತ್ತರಿಸಿದ್ದ.

ಇನ್ನೊಂದು ಪೆಲೆಟ್ಟನ್ನು ಅಚ್ಚಿಗೆ ಬಿಟ್ಟು ಹಿಡಿಕೆ ಎಳೆದ. ನೆನಪಿನಲ್ಲಿ ಅಪ್ಪ ಬಾಯಿ ತೆರೆದರು. ಅಪ್ಪನಿಗೆ ಕಟ್ಟಿದ್ದೇ ಅವನ ಮೊದಲ ಸೆಟ್ಟು. ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿದ್ದೇ ತೋರಿಸಿದ್ದು, "ದೇವರು ಕೊಟ್ಟಿದ್ದಕ್ಕಿಂತ ಮಗ ಕೊಟ್ಟಿದ್ದು ವಾಸಿ." ಮೂರು ವರ್ಷ ಹಾಗೆ ಮೆರೆಸಿದರು. ಅವರು ಹೋದ ಮೇಲೆ ಅವರ ಅಂಗಿಗಳನ್ನು ಮಡಚುತ್ತ ಅಕ್ಕ ಹೇಳಿದ್ದಳು, ಊಟಕ್ಕೆ ಕೂತಾಗ ಅಪ್ಪ ಸೆಟ್ಟನ್ನು ತೆಗೆದು ಜೇಬಿಗಿಟ್ಟು ವಸಡಿನಲ್ಲೇ ಅಗಿಯುತ್ತಿದ್ದರೆಂದು. ಎಡಗಡೆ ಏರಾಗಿತ್ತಂತೆ, ಹುಣ್ಣಾಗುತ್ತಿತ್ತಂತೆ. ಮಗನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ಅವನಿಗೆ ಆಗ ಅಳು ಬರುವ ಬದಲು ಸಿಟ್ಟು ಬಂದಿತ್ತು, ಸತ್ತ ಅಪ್ಪನ ಮೇಲೆ ಸಿಟ್ಟು. ಆ ಮೂರು ವರ್ಷ ಅದೇ ಏರನ್ನು ಇನ್ನೆಷ್ಟು ಬಾಯಿಗಳಿಗೆ ಇಟ್ಟು ಕಳಿಸಿದ್ದನೋ, ಅವರಲ್ಲಿ ಎಷ್ಟು ಜನ ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋಗಿದ್ದರೋ. ಈಗ ತಾನು ಮಾಡುತ್ತಿರುವುದು ಅಪ್ಪ ಮಾಡಿದ್ದೇ ಎಂದು ಹೊಳೆದಾಗಲೆಲ್ಲ ಅವನು ಹಿಡಿಕೆಯನ್ನು ಸ್ವಲ್ಪ ಜೋರಾಗಿ ಎಳೆಯುತ್ತಿದ್ದ.

ಹೊರಗೆ ಅಕ್ಕನ ದನಿ ಕೇಳಿಸಿತು. ಮಧ್ಯಾಹ್ನ ಎರಡಕ್ಕೆ ಬರಬೇಕಾದವಳು ಹನ್ನೊಂದಕ್ಕೇ ಬಂದಿದ್ದಳು. "ಒಳಗಡೆ ಏನು ಮಾಡ್ತಿದ್ದಾನೆ ಇವನು?" ಎಂದು ಅವಳು ಕೇಳಿದ್ದಕ್ಕೆ ಹೆಂಡತಿ, "ತಪಸ್ಸು ಅತ್ತಿಗೆ. ಭಾನುವಾರ ಬಂದ್ರೆ ಅಗುಳಿ ಹಾಕ್ಕೊಂಡು ತಪಸ್ಸು" ಎಂದಳು. ಹೆಂಡತಿಗೆ ಎಲ್ಲ ಗೊತ್ತಿತ್ತು. ಗೊತ್ತಾದ ದಿನ ಅವಳು ಒಂದೇ ಮಾತು ಹೇಳಿದ್ದಳು, "ಅತ್ತಿಗೆಯ ಕಣ್ಣಿಗೆ ಮಣ್ಣು ಹಾಕೋ ಮುಂಚೆ ಆ ಕಣ್ಣು ಎಂಥದ್ದು ಅಂತ ನೆನಪಿಟ್ಕೊಳ್ಳಿ." ಅವನು ಕಾಗದದ ಚೂರುಗಳನ್ನು ಡ್ರಾಯರಿಗೆ ಗುಡಿಸಿ ಹಾಕಿ ಬಾಗಿಲು ತೆಗೆದ. ಅಚ್ಚಿನ ತಳದಲ್ಲಿ ಒಂದು ಚೂರು ಇನ್ನೂ ಇತ್ತು, ಅದು ನೆನಪಾಗುವಷ್ಟರಲ್ಲಿ ಅಕ್ಕ ಒಳಗೆ ಬಂದು ಅವನ ಕುರ್ಚಿಯಲ್ಲೇ ಕೂತಾಗಿತ್ತು.

ಅವಳು ಕೈಚೀಲದಿಂದ ಒಂದು ಬೆಂಕಿಪೆಟ್ಟಿಗೆ ತೆಗೆದಳು. ಒಳಗೆ ಹನ್ನೆರಡು ಸ್ಲಗ್ಗುಗಳು ಸಾಲಾಗಿ ಮಲಗಿದ್ದವು. ಮೇಜಿನ ಗಾಜಿನ ಮೇಲೆ ಒಂದನ್ನು ಇಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಸ್ಲಗ್ಗು ಉರುಳುತ್ತ ಹೋಯಿತು, ಒಂದೊಂದು ಸುತ್ತಿಗೂ ಒಮ್ಮೆ ಸಣ್ಣಗೆ ಮುಗ್ಗರಿಸುತ್ತ. ಅವಳ ಬಲಗೈ ತೊಡೆಯ ಮೇಲೆ ತಾನಾಗಿ ನಡುಗುತ್ತಿತ್ತು. ಅವನು ಆ ಕಡೆ ನೋಡದೆ ಹಲಗೆಯ ಮೇಲಿನ ಹಲ್ಲುಗಳನ್ನು ನೋಡಿದ.

"ಮೂರು ಭಾನುವಾರದ ಡಬ್ಬಿಯಿಂದ ನಾಲ್ಕು ನಾಲ್ಕು ಎತ್ತಿಟ್ಕೊಂಡಿದ್ದೆ," ಎಂದಳು ಅಕ್ಕ. "ನಿನ್ನೆ ಕಾರ್ಖಾನೆಗೆ ಹೋಗಿ ನಮ್ಮ ಹುಡುಗೀರ ಹತ್ರ ಅಳೆಸ್ದೆ. ತಳ ಓರೆ ಇದೆ."

"ಅಚ್ಚು ಸವೆದಿರಬೇಕು ಅಕ್ಕ."

"ನಾನೂ ಅದನ್ನೇ ಅಂದ್ಕೊಂಡೆ. ಅಚ್ಚು ಸವೆದ್ರೆ ಈ ವಾರ ಹತ್ತು, ಮುಂದಿನ ವಾರ ಹದಿನೈದು, ಹೀಗೆ ಏರ್ತಾ ಹೋಗುತ್ತೆ. ಕೈ ಸೋತು ತಪ್ಪಾದ್ರೆ ಒಂದು ಹಾಗೆ, ಒಂದು ಹೀಗೆ. ಇವು ಹನ್ನೆರಡಕ್ಕೆ ಹನ್ನೆರಡೂ ನಲವತ್ತು ಮೈಕ್ರಾನ್. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ." ಅವಳು ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಮೂವತ್ನಾಲ್ಕು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ತಪ್ಪು ನಾನು ನೋಡಿಲ್ಲ. ಸರಿ ಮಾಡೋರು ಕೂಡ ಇಷ್ಟು ಸರಿಯಾಗಿ ಮಾಡಲ್ಲ ಕಣೋ."

ಅವನಿಗೆ ಕಿವಿ ಬಿಸಿಯಾಯಿತು. ಒಂಬತ್ತನೆಯ ವಯಸ್ಸಿನಲ್ಲಿ ಅವಳ ರೇಖಾಗಣಿತದ ಪೆಟ್ಟಿಗೆಯಿಂದ ಕಂಪಾಸು ಕದ್ದು ಹಾಸಿಗೆಯಡಿ ಇಟ್ಟುಕೊಂಡು ಸಿಕ್ಕಿಬಿದ್ದಾಗ ಹೀಗೇ ಆಗಿತ್ತು. ಆಗ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಿದ್ದ. ಈಗ ನೋಡಿದರೆ ಚಪ್ಪಲಿಯೊಳಗೆ ಹೆಬ್ಬೆರಳು ಅದನ್ನೇ ಮಾಡುತ್ತಿತ್ತು. ತಮಾಷೆಯೆಂದರೆ, ಅಷ್ಟು ಅವಮಾನದ ನಡುವೆಯೂ ಹನ್ನೆರಡಕ್ಕೆ ಹನ್ನೆರಡೂ ಒಂದೇ ಅಳತೆ ಎಂದು ಕೇಳಿ ಎದೆಯ ಒಂದು ಮೂಲೆಯಲ್ಲಿ ಅವನಿಗೆ ಹೆಮ್ಮೆಯಾಗಿತ್ತು. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಡ್ರಾಯರು ತೆಗೆದು ನೀಲಿ ಕಾಗದದ ಚೂರುಗಳನ್ನು ಅವಳ ಮುಂದೆ ಇಟ್ಟ. ಮಾತೆಲ್ಲ ಒಟ್ಟಿಗೇ ಹೊರಟಿತು. "ನೀನೇ ಅಂದಿದ್ದಲ್ಲ, ಸೀಸ ಸರಿಯಿಲ್ಲ ಅಂತ. ಕೈ ಅಂತ ಗೊತ್ತಾದ್ರೆ ನೀನು ಬಂದೂಕು ಮೇಲಿಟ್ಟುಬಿಡ್ತೀಯ, ಆಮೇಲೆ ಬರೋದೇ ನಿಲ್ಲಿಸ್ತೀಯ. ನಂಗೆ ಬೇರೆ ದಾರಿ ತೋಚಲಿಲ್ಲ."

"ತಮಾಷೆಗಂದಿದ್ದು ಕಣೋ ಅದು!" ಅಕ್ಕ ಎರಡೂ ಕೈ ಮೇಲೆತ್ತಿದಳು, ಎರಡೂ ನಡುಗಿದವು. "ನಡುಗೋದು ನಂಗೆ ಗೊತ್ತಿಲ್ವಾ? ದಿನಾ ಬೆಳಿಗ್ಗೆ ಲೋಟ ಹಿಡಿಯೋದು ನಾನಾ, ನೀನಾ? ಡಾಕ್ಟರ ಹತ್ರ ಹೋಗ್ತಿದ್ದೀನಿ ಆಗ್ಲಿಂದ. ಮಾತ್ರೆ ಕೊಟ್ಟಿದ್ದಾರೆ. ನಡುಕ ಕಮ್ಮಿ ಆಯ್ತಾ ಅಂತ ಅವರು ಕೇಳಿದ್ರೆ, ಸ್ವಲ್ಪ ಕಮ್ಮಿ, ಸ್ವಲ್ಪ ಜಾಸ್ತಿ ಅಂತ ಹೇಳೋಕೆ ನಂಗೆ ಬರುತ್ತಾ? ಅಳತೆ ಬೇಡ್ವಾ?" ಅವಳು ಚೀಲದಿಂದ ಇನ್ನೊಂದು ಸುರುಳಿ ತೆಗೆದಳು. ಇಪ್ಪತ್ತೆರಡು ಭಾನುವಾರಗಳ ಗುರಿಕಾಗದಗಳು. ಒಂದೊಂದರ ಮೂಲೆಯಲ್ಲೂ ತಾರೀಖು, ಗುಂಡುಗಳು ಚೆದುರಿದ ಅಗಲ ಮಿಲಿಮೀಟರಿನಲ್ಲಿ, ಆ ವಾರ ತೆಗೆದುಕೊಂಡ ಮಾತ್ರೆ. ಅವಳ ದುಂಡನೆಯ ಅಕ್ಷರ ವಾರವಾರಕ್ಕೂ ಸೊಟ್ಟಗಾಗುತ್ತ ಬಂದಿತ್ತು. ಐವತ್ತು, ಎಪ್ಪತ್ತೆರಡು, ಎಂಬತ್ತು, ಎಂಬತ್ತೆಂಟು. "ಇದನ್ನೇ ಒಯ್ದು ತೋರಿಸಿದೆ. ನೋಡಿ, ಮಾತ್ರೆ ಕೆಲಸ ಮಾಡ್ತಿಲ್ಲ ಅಂದೆ. ಎರಡು ಸಲ ಜಾಸ್ತಿ ಮಾಡಿದ್ರು."

ಅವನು ಹಲಗೆಯ ಅಂಚು ಹಿಡಿದುಕೊಂಡ. ಹೋದ ತಿಂಗಳು ಅಕ್ಕ ಈ ಮನೆಯಲ್ಲೇ ಊಟದ ಮೇಜಿನ ಮೇಲೆ ತಲೆ ಇಟ್ಟು ಮಧ್ಯಾಹ್ನ ಹನ್ನೆರಡಕ್ಕೆ ನಿದ್ದೆಹೋಗಿದ್ದಳು. ಮಾತನಾಡುತ್ತ ಆಡುತ್ತಲೇ, ಕೈಯಲ್ಲಿ ಚಮಚೆ ಹಾಗೇ ಇತ್ತು. ಹೆಂಡತಿ ಶಾಲು ತಂದು ಹೊದಿಸಿದ್ದಳು. ಅವನು ಅವಳ ನೆರೆತ ಬೈತಲೆಯನ್ನು ನೋಡುತ್ತ, ಅಕ್ಕನಿಗೂ ವಯಸ್ಸಾಯಿತು ಎಂದು ಕಣ್ಣು ತುಂಬಿಕೊಂಡು ಸುಖಪಟ್ಟಿದ್ದ. ಹೌದು, ಸುಖವೇ ಪಟ್ಟಿದ್ದ. ಅವಳನ್ನು ಕಾಪಾಡುತ್ತಿರುವವನು ತಾನು ಎಂದು. ಹೆಚ್ಚಿಸಿದ ಮಾತ್ರೆಯ ಆ ನಿದ್ದೆಯನ್ನು ಅವಳ ಬಾಯಿಗೆ ಹಾಕಿದ್ದು ಈ ನೀಲಿ ಕಾಗದ. "ಅಕ್ಕ, ನಾನು..." ಎಂದ. ಕ್ಷಮಿಸು ಎನ್ನುವ ಮಾತು ಅಕ್ಕ ತಮ್ಮಂದಿರ ನಡುವೆ ಎಂದೂ ಬಳಕೆಯಾಗದೆ ತುಕ್ಕು ಹಿಡಿದಿತ್ತು.

"ಗೊತ್ತಾಯ್ತು ಬಿಡು. ಬಾಯಿ ಮುಚ್ಚು, ನೊಣ ಹೋಗುತ್ತೆ," ಎಂದಳು ಅಕ್ಕ. ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಅಚ್ಚಿನೊಳಗೆ ಇನ್ನೊಂದು ಚೂರು ಇದೆ, ಅದನ್ನೂ ತೆಗಿ. ಒರೆಸಿ ಇಪ್ಪತ್ತು ಒತ್ತು, ನನ್ನ ಮುಂದೆ."

ಅವನು ಅಚ್ಚು ಒರೆಸಿ ಒತ್ತತೊಡಗಿದ. ಐದು ತಿಂಗಳಿಂದ ಹಗ್ಗ ಕಟ್ಟಿಸಿಕೊಂಡಿದ್ದ ಕೈ ಬಿಚ್ಚಿಕೊಂಡು ಓಡಿತು. ಎಣ್ಣೆಯ ಒಂದು ಹನಿ, ಪೆಲೆಟ್ಟು, ಹಿಡಿಕೆ. ಎಲ್ಲಿ ಸೀಸ ತಡೆಯೊಡ್ಡುತ್ತದೆ, ಎಲ್ಲಿ ಸೋತು ಒಪ್ಪಿಕೊಳ್ಳುತ್ತದೆ ಎನ್ನುವುದು ಅಂಗೈಗೆ ತಿಳಿಯುತ್ತಿತ್ತು. ಅಕ್ಕ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಗಾಜಿನ ಮೇಲೆ ಉರುಳಿಸುತ್ತಿದ್ದಳು. ನಡುಗುವ ಬೆರಳಿನಿಂದ ತಳ್ಳಿದರೂ ಸ್ಲಗ್ಗುಗಳು ನೇರ ಹೋಗಿ ಗಾಜಿನ ಅಂಚಿಗೆ ತಾಗಿ ನಿಲ್ಲುತ್ತಿದ್ದವು. ಹದಿನೆಂಟನೆಯದಕ್ಕೋ ಏನೋ ಅವಳು ಗುನುಗಲು ಶುರುಮಾಡಿದಳು, ಶ್ರುತಿ ತಪ್ಪಿ, ಚಿಕ್ಕಂದಿನಿಂದ ಗುನುಗುವ ಹಾಗೇ. ಹೆಂಡತಿ ಬಾಗಿಲಲ್ಲಿ ಇಣುಕಿ ನೋಡಿ ಮೂರು ಲೋಟ ಟೀ ತಂದಿಟ್ಟಳು. ಅಕ್ಕನ ಲೋಟದಲ್ಲಿ ಅರ್ಧ ಮಾತ್ರ ತುಂಬಿಸಿದ್ದಳು, ಚೆಲ್ಲದಿರಲೆಂದು. ಅದು ಎಷ್ಟು ದಿನದಿಂದ ಹಾಗೆ ನಡೆಯುತ್ತಿತ್ತೋ ಅವನಿಗೆ ಗೊತ್ತೇ ಇರಲಿಲ್ಲ.

ಗುರಿಮೈದಾನ ಊರಾಚೆ, ತಗಡಿನ ಮಾಡಿನ ಉದ್ದನೆಯ ಜಗುಲಿ, ಅದರಾಚೆ ಹುಲ್ಲು, ಹುಲ್ಲಿನ ಕೊನೆಗೆ ಮಣ್ಣಿನ ದಿಬ್ಬ. ಸೀಟಿ ಊದಿ ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವ ಮೇಲ್ವಿಚಾರಕ ಅಕ್ಕನನ್ನು ನೋಡಿ, "ಬನ್ನಿ ಅಮ್ಮಾ, ಇವತ್ತಾದ್ರೂ ಸೀಸ ಸರಿಯಿದೆಯಾ?" ಎಂದ. "ಇವತ್ತು ಸೀಸ ಸರಿಯಿದೆಯಪ್ಪ. ಉಳಿದದ್ದು ನೋಡೋಣ," ಎಂದಳು ಅಕ್ಕ. ಅವಳು ಬಂದೂಕು ಎತ್ತಿದಾಗ ಅವನಿಗೆ ಓಡಿಹೋಗಬೇಕೆನಿಸಿತು. ಈಗ ಅವಳಿಗೂ ಆ ಗುರಿಕಾಗದಕ್ಕೂ ನಡುವೆ ಅಡ್ಡ ನಿಲ್ಲಲು ತನ್ನದು ಏನೂ ಉಳಿದಿರಲಿಲ್ಲ. ನಳಿಗೆಯ ತುದಿ ನಡುಗುತ್ತಿತ್ತು. ಅವಳು ಕಾಯುತ್ತಿದ್ದಳು, ನಡುಕದ ಎರಡು ಅಲೆಗಳ ನಡುವೆ ಒಂದು ಸಣ್ಣ ಬಿಡುವು ಬರುತ್ತದಲ್ಲ, ಅದಕ್ಕೆ. ಟಪ್ ಎಂದಿತು. ಮತ್ತೆ ಕಾದಳು. ಐದು ಗುಂಡಿಗೆ ಹತ್ತು ನಿಮಿಷ ಹಿಡಿಯಿತು. ಮೇಲ್ವಿಚಾರಕ ಸೀಟಿ ಊದಿ ಎಲ್ಲರ ಬಂದೂಕನ್ನೂ ಕೆಳಗಿಡಿಸಿದ ಮೇಲೆ ತಮ್ಮನೇ ನಡೆದುಹೋಗಿ ಕಾಗದ ತಂದುಕೊಟ್ಟ. ಬರುವ ದಾರಿಯಲ್ಲಿ ಅದನ್ನು ಮಗುಚಿಯೇ ಹಿಡಿದಿದ್ದ.

ಅಕ್ಕ ಜಗುಲಿಯ ಕಟ್ಟೆಯ ಮೇಲೆ ಕಾಗದ ಹರಡಿ ಸ್ಕೇಲ್ ಇಟ್ಟಳು. ಸ್ಕೇಲ್ ನಿಲ್ಲಲಿಲ್ಲ. ಅವನು ಒಂದು ತುದಿ ಒತ್ತಿ ಹಿಡಿದ.

"ಐವತ್ತೆರಡು," ಎಂದಳು ಅಕ್ಕ.

ಇನ್ನೊಮ್ಮೆ ಅಳೆದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಇಷ್ಟೇನೇನೋ ನಂದು?" ಎಂದಳು. ದನಿ ಚಿಕ್ಕದಾಗಿತ್ತು. "ಎಂಬತ್ತೆಂಟು ಅಂತ ಇಟ್ಕೊಂಡಿದ್ನಲ್ಲೋ. ಮುಂದಿನ ವರ್ಷಕ್ಕೆ ಅನ್ನ ಕಲಸೋಕೂ ಆಗಲ್ಲ, ನಿನ್ನ ಹೆಂಡ್ತಿ ತುತ್ತು ಮಾಡಿ ಹಾಕ್ಬೇಕಾಗುತ್ತೆ ಅಂತ ರಾತ್ರಿಯೆಲ್ಲ ಲೆಕ್ಕ ಹಾಕ್ತಿದ್ದೆ. ಇಷ್ಟೇ ನಂದು. ಉಳಿದದ್ದೆಲ್ಲ ನಿಂದು."

ಐದು ತಿಂಗಳು ಅವಳು ಇಲ್ಲದ ಮೂವತ್ತಾರು ಮಿಲಿಮೀಟರಿಗೆ ಹೆದರಿದ್ದಳು. ಆ ಹೆದರಿಕೆಯನ್ನು ವಾರವಾರವೂ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ಪ್ರೀತಿಯಿಂದ ಕೈಗೆ ಕೊಟ್ಟವನು ಅವನು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅವಳು ಸುಮ್ಮನೆ ಕೂತ ಸಂಜೆಗಳು ಒಂದೊಂದಾಗಿ ನೆನಪಾದವು. ಗಾಳಿ ಬೇಕೆಂದು ಕೂತಿದ್ದಾಳೆ ಎಂದುಕೊಂಡಿದ್ದ.

"ಬೈಯಿ ಅಕ್ಕ," ಎಂದ.

"ಬೈತೀನಿ, ಬಸ್ಸಲ್ಲಿ. ಈಗ ಹೊತ್ತಿಲ್ಲ."

"ಬಂದೂಕು ಅಟ್ಟಕ್ಕೆ ಹಾಕ್ತೀಯಾ?"

"ಹಾಕ್ತೀನಿ, ಒಂದಿನ. ಅವತ್ತು ನಾನೇ ಅಳೆದು ನಾನೇ ಹಾಕ್ತೀನಿ. ಅದರಲ್ಲಿ ನೀನು ಮೂಗು ತೂರಿಸಬೇಡ." ಅವಳು ಕಾಗದದ ಮೂಲೆಯಲ್ಲಿ ತಾರೀಖು ಬರೆದು, ಐವತ್ತೆರಡು ಎಂದು ಬರೆದು, ಅದರ ಕೆಳಗೆ ಸೊಟ್ಟ ಗೆರೆ ಎಳೆದಳು. ಆಮೇಲೆ ಬಂದೂಕನ್ನು ಅವನ ಕಡೆ ಸರಿಸಿದಳು. "ಈಗ ನೀನು ಹೊಡಿ. ಇಷ್ಟು ಚೆನ್ನಾಗಿ ಒತ್ತಿದ್ದೀಯಲ್ಲ, ಅದು ಏನು ಮಾಡುತ್ತೆ ಅಂತ ನಾನು ನೋಡ್ಬೇಡ್ವಾ? ನಿನ್ನ ಒಳ್ಳೇ ಕೆಲಸನ ಐದು ತಿಂಗಳಿಂದ ಒಂದ್ಸಲನೂ ತೋರಿಸಿಲ್ಲ ನಂಗೆ."

ಅವನು ಹೊಸ ಕಾಗದ ನೆಟ್ಟು ಬಂದು ಒರಗಿ ಕೂತ. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ದುರ್ಬೀನಿಗೆ ಕಣ್ಣಿಟ್ಟಳು. ಮೊದಲನೆಯದು ನಡುವಿನ ಕಪ್ಪಿಗೆ ಹೋಯಿತು. "ಹ್ಞೂಂ," ಎಂದಳು. ಎರಡನೆಯದು ಅದೇ ತೂತಿಗೆ. "ಅಬ್ಬಾ!" ಎಂದಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅವಳು ಚಿಕ್ಕ ಹುಡುಗಿಯ ಹಾಗೆ ತೊಡೆ ತಟ್ಟಿಕೊಂಡಳು, ಮೇಲ್ವಿಚಾರಕನನ್ನು ಕೂಗಿ, "ನೋಡ್ಬಾರಪ್ಪ ಇಲ್ಲಿ, ನನ್ನ ತಮ್ಮ ಮಾಡಿದ್ದು ಇದು, ಹಲ್ಲು ಕಟ್ತಾನಲ್ಲ, ಅವನೇ ಮಾಡಿದ್ದು" ಎಂದಳು. ಐದನೆಯದಕ್ಕೆ ಅವನು ಉಸಿರು ಹಿಡಿದ. ಗುರಿ ಕಲಸಿಹೋಯಿತು. ಹುಲ್ಲು, ದಿಬ್ಬ, ಕಾಗದ ಎಲ್ಲವೂ ನೀರಿನೊಳಗೆ ಇದ್ದ ಹಾಗೆ ಅಲುಗಿದವು, ಬೆರಳು ಅಷ್ಟರಲ್ಲಿ ಒತ್ತಿಯಾಗಿತ್ತು. ಸ್ಲಗ್ಗು ಕಾಗದವನ್ನೇ ಬಿಟ್ಟು ದಿಬ್ಬಕ್ಕೆ ಬಡಿದು ಒಂದು ಹಿಡಿ ಮಣ್ಣು ಎಬ್ಬಿಸಿತು.

"ನಾಲ್ಕು ಒಂದೇ ತೂತು. ಐದನೇದು ಏನಾಯ್ತೋ?" ಅಕ್ಕ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಅಳು ಬಂತು ಅಕ್ಕ."

"ಅಳೋದಾದ್ರೆ ಟ್ರಿಗರಿನಿಂದ ಬೆರಳು ತೆಗೆದು ಅಳು," ಎಂದಳು. ನಡುಗುವ ಕೈಯನ್ನು ಅವನ ಬೆನ್ನಿನ ಮೇಲಿಟ್ಟಳು. ಅದು ಅಲ್ಲಿಯೂ ನಡುಗುತ್ತಲೇ ಇತ್ತು, ಅಂಗಿಯ ಮೂಲಕ ಅವನಿಗೆ ಪೂರ್ತಿಯಾಗಿ ತಿಳಿಯುತ್ತಿತ್ತು. "ನಿಧಾನ ಮಾಡು. ಮುಗೀಲಿ. ಆಮೇಲೆ ಇನ್ನೈದು ಹಾಕು. ನಾನೆಲ್ಲೂ ಹೋಗಲ್ಲ."